ಪೆಟ್ಟು ಬಿದ್ದ ಮಿದುಳಿನಲ್ಲಿ ಕವಲು ಎಣಿಸುವುದು

ತಲೆಗೆ ಪೆಟ್ಟಾದವರನ್ನು ಆಸ್ಪತ್ರೆಗೆ ಕರೆತಂದಾಗ ಸಾಮಾನ್ಯವಾಗಿ ಮೊದಲು ಮಾಡುವುದು ಸಿ.ಟಿ. ಸ್ಕ್ಯಾನ್. ಬುರುಡೆ ಬಿರುಕು ಬಿಟ್ಟಿದೆಯೇ, ಒಳಗೆ ರಕ್ತ ಹೆಪ್ಪುಗಟ್ಟಿದೆಯೇ ಎಂಬುದು ಅದರಲ್ಲಿ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಎಷ್ಟೋ ಸಲ ಏನೂ ಕಾಣುವುದಿಲ್ಲ. ‘ಸ್ಕ್ಯಾನ್ ನಾರ್ಮಲ್ ಇದೆ’ ಎಂದು ಹೇಳಿ ಮನೆಗೆ ಕಳಿಸುತ್ತಾರೆ. ಹಾಗೆ ಮನೆಗೆ ಬಂದವರಲ್ಲಿ ಕೆಲವರಿಗೆ ವಾರಗಳು ಕಳೆದರೂ ತಲೆನೋವು ಬಿಡುವುದಿಲ್ಲ. ಬೆಳಕು ಕಂಡರಾಗುವುದಿಲ್ಲ, ಗದ್ದಲ ಸಹಿಸಲಾಗುವುದಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಸಣ್ಣ ಮಾತಿಗೂ ರೇಗುತ್ತಾರೆ. ‘ಸ್ಕ್ಯಾನ್‌ನಲ್ಲಿ ಏನೂ ಇಲ್ಲವಲ್ಲ’ ಎಂದು ಮನೆಯವರು ಗೊಂದಲಪಡುತ್ತಾರೆ. ಸ್ಕ್ಯಾನ್ ಹೇಳಿದ್ದು ಸುಳ್ಳಲ್ಲ. ಅದರ ಕಣ್ಣಿಗೆ ನಿಲುಕುವಷ್ಟು ದೊಡ್ಡದಾದ ಗಾಯ ಇಲ್ಲ, ಅಷ್ಟೆ.

ಸುಮಾರು ಅರ್ಧ ಮಿಲಿಮೀಟರಿಗಿಂತ ಚಿಕ್ಕದನ್ನು ಬಿಡಿಸಿ ತೋರಿಸುವುದು ಸಿ.ಟಿ. ಯಂತ್ರಕ್ಕೆ ಕಷ್ಟ. ಮಿದುಳಿನ ಕೋಶಗಳ ಬದುಕು ನಡೆಯುವುದಾದರೋ ಮಿಲಿಮೀಟರಿನ ನೂರನೆಯ, ಸಾವಿರದನೆಯ ಪಾಲಿನಲ್ಲಿ. ತಲೆ ರಭಸದಿಂದ ಅಲುಗಿದಾಗ ನರತಂತುಗಳು ಒಂದು ಕಡೆ ಮಾತ್ರ ಜಗ್ಗುವುದಿಲ್ಲ. ಇಲ್ಲೊಂದು ಅಲ್ಲೊಂದು ಎಂಬಂತೆ ದೂರದೂರಕ್ಕೂ ಹಾನಿ ಹರಡುತ್ತದೆ. ಹೀಗೆ ಚದುರಿದ ಗಾಯವನ್ನು ಸೂಕ್ಷ್ಮದರ್ಶಕ ಇಟ್ಟುಕೊಂಡು ಹುಡುಕುವುದೂ ಸುಲಭವಲ್ಲ, ಎಲ್ಲಿ ಹುಡುಕಬೇಕೆಂಬುದೇ ತಿಳಿಯದು. ಆದರೆ ಮಿದುಳಿನೊಳಗೆ ಇದೇ ಹುಡುಕಾಟವನ್ನು ಹಗಲಿರುಳು ನಡೆಸುವ ಕೋಶಗಳಿವೆ. ಮೈಕ್ರೋಗ್ಲಿಯಾ ಎಂಬುದು ಅವುಗಳ ಹೆಸರು. ತೊಂದರೆಯ ವಾಸನೆ ಸಿಕ್ಕ ಕಡೆ ಅವು ತಮ್ಮ ಆಕಾರವನ್ನೇ ಬದಲಿಸಿಕೊಳ್ಳುತ್ತವೆ. ಆ ಬದಲಾವಣೆಯನ್ನು ನಂಬಿಕೆಗೆ ಅರ್ಹವಾಗಿ ಅಳೆಯಬಹುದಾದರೆ ಪೆಟ್ಟು ಎಲ್ಲೆಲ್ಲಿ ತಾಗಿದೆ, ಎಷ್ಟು ದಿನ ಉಳಿದಿದೆ ಎಂಬುದನ್ನು ಆ ಕೋಶಗಳಿಂದಲೇ ಓದಿಕೊಳ್ಳಬಹುದು. ಈ ಅಧ್ಯಾಯ ಆ ಅಳತೆಯನ್ನು ಕುರಿತದ್ದು.

ಮೈಕ್ರೋಗ್ಲಿಯಾ ಮಿದುಳಿನಲ್ಲಿದ್ದರೂ ಹುಟ್ಟಿನಿಂದ ಮಿದುಳಿನವಲ್ಲ. ನರಕೋಶಗಳೂ ಅವುಗಳ ಆಸರೆಯ ಇತರ ಕೋಶಗಳೂ ಭ್ರೂಣದ ಹೊರಪದರದಿಂದ ರೂಪುಗೊಳ್ಳುತ್ತವೆ. ಮೈಕ್ರೋಗ್ಲಿಯಾ ಬರುವುದು ಭ್ರೂಣಕ್ಕೆ ಅಂಟಿಕೊಂಡ ಹಳದಿಚೀಲದಿಂದ. ಇಲಿಯ ಭ್ರೂಣಗಳಲ್ಲಿ ಈ ಮೂಲವನ್ನು ಸ್ಪಷ್ಟವಾಗಿ ತೋರಿಸಿದ ಅಧ್ಯಯನ ಪ್ರಕಟವಾದದ್ದು 2010ರಲ್ಲಿ. ರಕ್ತದ ಬಿಳಿಕಣಗಳಿಗೆ ದೂರದ ಬಂಧುಗಳಾದ ಇವು ಮಿದುಳು ಇನ್ನೂ ಆಕಾರ ತಳೆಯುತ್ತಿರುವಾಗಲೇ ಒಳಸೇರಿ, ಅಲ್ಲೇ ನೆಲೆನಿಂತು, ಅಲ್ಲೇ ವಂಶ ಮುಂದುವರಿಸುತ್ತವೆ. ಇಲಿಯ ಮಿದುಳಿನಲ್ಲಿ ಜಾಗಕ್ಕೆ ತಕ್ಕಂತೆ ಒಟ್ಟು ಕೋಶಗಳಲ್ಲಿ ನೂರಕ್ಕೆ 5ರಿಂದ 12ರಷ್ಟು ಇವೇ ಇರುತ್ತವೆ. ಆರೋಗ್ಯವಂತ ಮಿದುಳಿನಲ್ಲಿ ಒಂದೊಂದು ಮೈಕ್ರೋಗ್ಲಿಯಾವೂ ಎಲೆಯೆಲ್ಲ ಉದುರಿಸಿಕೊಂಡ ಬೇಸಿಗೆಯ ಗಿಡದಂತೆ ಕಾಣುತ್ತದೆ: ನಡುವೆ ಪುಟ್ಟ ಕೋಶಕಾಯ, ಅದರಿಂದ ಹೊರಟ ಕೊಂಬೆಗಳು, ಕೊಂಬೆಯಿಂದ ಕವಲು, ಕವಲಿನಿಂದ ಮತ್ತೂ ತೆಳುವಾದ ಕವಲು. ಪಕ್ಕಪಕ್ಕದ ಎರಡು ಕೋಶಗಳ ಕವಲುಗಳು ಒಂದರ ವಲಯಕ್ಕೆ ಇನ್ನೊಂದು ಸಾಮಾನ್ಯವಾಗಿ ನುಗ್ಗುವುದಿಲ್ಲ.

ಈ ಕೋಶಗಳನ್ನು ಮೊದಲ ಸಲ ಬಿಡಿಸಿ ತೋರಿಸಿದವರು ಸ್ಪೇನಿನ ಪಿಯೊ ದೆಲ್ ರಿಯೊ-ಒರ್ತೆಗಾ. ನರಕೋಶ ವಿಜ್ಞಾನದ ಮೇರು ಸಾಂತಿಯಾಗೊ ರಮೋನ್ ಇ ಕಹಾಲ್ ಅವರ ಕಾಲ ಅದು. ನರಕೋಶ ಒಂದು, ನಕ್ಷತ್ರಾಕಾರದ ಆಸ್ಟ್ರೋಸೈಟ್ ಇನ್ನೊಂದು, ಇವೆರಡೂ ಅಲ್ಲದ ‘ಮೂರನೆಯ ಅಂಶ’ವೊಂದು ಇದೆ ಎಂದು ಕಹಾಲ್ ಹೇಳಿದ್ದರು. ಅವರ ಬಣ್ಣಗಳಲ್ಲಿ ಅದು ಕವಲಿಲ್ಲದ ದುಂಡು ಕೋಶಗಳಂತೆ ಕಾಣುತ್ತಿತ್ತು. ರಿಯೊ-ಒರ್ತೆಗಾ ಬೆಳ್ಳಿಯ ಕಾರ್ಬನೇಟ್ ಬಳಸುವ ಹೊಸ ವಿಧಾನವೊಂದನ್ನು ಕಟ್ಟಿದರು. ಬೆಳ್ಳಿ ಸೂಕ್ಷ್ಮ ಕವಲುಗಳ ತುದಿಯವರೆಗೂ ಕಪ್ಪಾಗಿ ಹತ್ತಿಕೊಂಡಿತು. ಮೂರನೆಯ ಅಂಶ ಒಂದಲ್ಲ, ಎರಡು ಬಗೆಯ ಕೋಶಗಳ ಗುಂಪು ಎಂದು 1919ರಲ್ಲಿ ಅವರು ತೋರಿಸಿದರು. ಅವುಗಳಲ್ಲೊಂದಕ್ಕೆ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟವರೂ ಅವರೇ. ಇದರಿಂದ ಗುರು ಕಹಾಲ್ ಅವರೊಂದಿಗೆ ಸಂಬಂಧ ಹದಗೆಟ್ಟಿತು. 1920ರಲ್ಲಿ ಕಹಾಲ್ ಅವರ ಪ್ರಯೋಗಾಲಯವನ್ನು ಬಿಡಬೇಕಾಯಿತು. ಸ್ಪೇನಿನ ಅಂತರ್ಯುದ್ಧ ರಿಯೊ-ಒರ್ತೆಗಾ ಅವರನ್ನು ದೇಶದಿಂದಲೇ ಹೊರಡಿಸಿತು; ಪ್ಯಾರಿಸ್, ಆಕ್ಸ್‌ಫರ್ಡ್ ಸುತ್ತಿ 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡರು. ಮುಂದೆ ಮಾಂಟ್ರಿಯಲ್‌ನ ನರವಿಜ್ಞಾನ ಸಂಸ್ಥೆಯನ್ನು ಕಟ್ಟಿದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1924ರಲ್ಲಿ ಮ್ಯಾಡ್ರಿಡ್‌ಗೆ ಹೋಗಿ ಈ ಬೆಳ್ಳಿಯ ಕೆಲಸವನ್ನು ಅವರ ಕೈಕೆಳಗೇ ಕಲಿತು ಬಂದರು.

ರಿಯೊ-ಒರ್ತೆಗಾ ಪ್ರಾಣಿಗಳ ಮಿದುಳಿಗೆ ಗಾಯ ಮಾಡಿ, ಬೇರೆಬೇರೆ ಹೊತ್ತಿನಲ್ಲಿ ತೆಗೆದು ನೋಡಿದರು. ಗಾಯದ ಸುತ್ತ ಕವಲುಗಳು ಕುಗ್ಗಿ ದಪ್ಪವಾಗುತ್ತವೆ, ಕೋಶಕಾಯ ಉಬ್ಬುತ್ತದೆ, ಕೊನೆಗೆ ಕೋಶ ಅಮೀಬಾದ ಹಾಗೆ ದುಂಡಾಗಿ ಸತ್ತ ಕೋಶಗಳ ಚೂರುಗಳನ್ನು ನುಂಗುತ್ತದೆ ಎಂದು ಚಿತ್ರ ಬರೆದು ತೋರಿಸಿದರು. ನೂರು ವರ್ಷಗಳ ನಂತರವೂ ಆ ಚಿತ್ರಗಳಲ್ಲಿ ತಿದ್ದುವುದು ಹೆಚ್ಚೇನಿಲ್ಲ. ಬೆರಳೆಣಿಕೆಯ ಉಪಕರಣಗಳಲ್ಲಿ ಕೆಲಸ ಮಾಡಿದ ಅವರ ಕಣ್ಣಿನ ಬಗ್ಗೆ ನನಗೆ ಅಪಾರ ಗೌರವ.

ಆದರೆ ಅವರು ಕಂಡದ್ದೆಲ್ಲ ಸತ್ತ ಅಂಗಾಂಶ. ಜೀವಂತ ಮಿದುಳಿನಲ್ಲಿ ಮೈಕ್ರೋಗ್ಲಿಯಾ ಏನು ಮಾಡುತ್ತಿರುತ್ತದೆ ಎಂಬುದು ತಿಳಿಯಲು 2005ರವರೆಗೆ ಕಾಯಬೇಕಾಯಿತು. ಮೈಕ್ರೋಗ್ಲಿಯಾ ಮಾತ್ರ ಹಸಿರಾಗಿ ಹೊಳೆಯುವಂತೆ ತಳಿ ಮಾರ್ಪಡಿಸಿದ ಇಲಿಗಳನ್ನು ಬಳಸಿ, ಬುರುಡೆಯ ಮೂಳೆಯನ್ನು ಕಾಗದದಷ್ಟು ತೆಳುಗೊಳಿಸಿ, ಲೇಸರ್ ಸೂಕ್ಷ್ಮದರ್ಶಕದಿಂದ ಒಳಗೆ ಇಣುಕಿದ ಎರಡು ತಂಡಗಳು, ಒಂದು ಜರ್ಮನಿಯದು, ಇನ್ನೊಂದು ನ್ಯೂಯಾರ್ಕಿನದು, ಒಂದೇ ವರ್ಷ ತಮ್ಮ ಫಲಿತಾಂಶ ಪ್ರಕಟಿಸಿದವು. ಅದುವರೆಗೆ ಪಠ್ಯಪುಸ್ತಕಗಳು ‘ವಿಶ್ರಾಂತ ಸ್ಥಿತಿ’ ಎಂದು ಕರೆದಿದ್ದ ಕವಲೊಡೆದ ಕೋಶಕ್ಕೆ ವಿಶ್ರಾಂತಿಯೇ ಇರಲಿಲ್ಲ. ಕೋಶಕಾಯ ಇದ್ದಲ್ಲೇ ಇದ್ದು, ಕವಲುಗಳು ನಿಮಿಷಕ್ಕೆ ಒಂದೆರಡು ಮೈಕ್ರಾನ್‌ನಂತೆ ಚಾಚುತ್ತ, ಹಿಂತೆಗೆಯುತ್ತ ಸುತ್ತಲಿನ ಪ್ರತಿ ಮೂಲೆಯನ್ನೂ ತಡವಿ ನೋಡುತ್ತಿದ್ದವು. ಕೆಲವೇ ಗಂಟೆಗಳಲ್ಲಿ ಇಡೀ ಮಿದುಳಿನ ಸುತ್ತು ಮುಗಿಯುತ್ತದೆ ಎಂಬ ಅಂದಾಜು ಹೊರಬಿತ್ತು. ಲೇಸರಿನಿಂದ ಒಂದು ಚುಕ್ಕೆಯಷ್ಟು ಜಾಗವನ್ನು ಸುಟ್ಟರೆ ನಿಮಿಷಗಳಲ್ಲಿ ಸುತ್ತಮುತ್ತಲ ಕೋಶಗಳ ಕವಲುಗಳು ಅತ್ತ ಹೊರಟು, ಅರ್ಧ ಗಂಟೆಯ ಹೊತ್ತಿಗೆ ಗಾಯವನ್ನು ಬೇಲಿಯ ಹಾಗೆ ಸುತ್ತುಗಟ್ಟುತ್ತಿದ್ದವು. ಒಡೆದ ಕೋಶಗಳಿಂದ ಸೋರುವ ಎಟಿಪಿ ಅಣುವೇ ಅವಕ್ಕೆ ಕರೆ. ಆ ಕರೆಯನ್ನು ಕೇಳಿಸಿಕೊಳ್ಳುವ ಗ್ರಾಹಕ ಪ್ರೋಟೀನ್ ಪಿ2ವೈ12 ಎಂದು ಮರುವರ್ಷ ಗೊತ್ತಾಯಿತು. ಹೃದಯಾಘಾತವಾದವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆ ರಕ್ತದ ಕಿರುಫಲಕಗಳಲ್ಲಿ ತಡೆಯುವುದೂ ಇದೇ ಗ್ರಾಹಕವನ್ನು.

ಆಕಾರ ಬದಲಾವಣೆ ಎಂದರೆ ಕವಲಿನಿಂದ ದುಂಡಿಗೆ ಹೋಗುವ ಒಂದೇ ದಾರಿ ಎಂದುಕೊಳ್ಳಬಾರದು. ಕವಲು ದಪ್ಪಗಾಗಿ ಪೊದೆಯಂತಾದ ಕೋಶಗಳಿವೆ. ಜರ್ಮನಿಯ ಫ್ರಾಂಜ್ ನಿಸ್ಲ್ 1899ರಲ್ಲೇ ಸಿಫಿಲಿಸ್‌ನಿಂದ ಹಾಳಾದ ಮಿದುಳುಗಳಲ್ಲಿ ಗುರುತಿಸಿದ ಕಡ್ಡಿಯಾಕಾರದ ಕೋಶಗಳಿವೆ. ಮೈಕ್ರೋಗ್ಲಿಯಾ ಎಂಬ ಹೆಸರು ಹುಟ್ಟುವ ಮೊದಲೇ ಅದರ ಒಂದು ರೂಪ ದಾಖಲಾಗಿತ್ತು. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡವೊಂದು ಇಲಿಯ ತಲೆಗೆ ಹಗುರವಾದ ಒತ್ತಡ ಕೊಟ್ಟು ಜೀವಂತವಾಗಿ ನೋಡಿದಾಗ ಮೈಕ್ರೋಗ್ಲಿಯಾ ಮಿದುಳಿನ ಮೇಲ್ಮೈಯಲ್ಲಿ ಜೇನುಹಟ್ಟಿನಂಥ ಬಲೆ ಹೆಣೆಯುವುದು, ಇನ್ನು ಕೆಲವೆಡೆ ಲೋಳೆಮೀನಿನ ರೂಪ ತಾಳುವುದು ಕಂಡಿತು. ಈ ರೂಪಗಳು ರಕ್ಷಣೆಗಾಗಿ. ಅವನ್ನು ತಡೆದಾಗ ಹಾನಿ ಹೆಚ್ಚಿತು.

ಕಣ್ಣಿಗೆ ಇಷ್ಟು ಚೆನ್ನಾಗಿ ಕಾಣುವಾಗ ಅಳೆಯುವುದೇಕೆ? ಬಹಳ ವರ್ಷ ಸಂಶೋಧಕರು ಅಳೆಯಲೂ ಇಲ್ಲ. ಗಾಜಿನ ಪಟ್ಟಿಯನ್ನು ನೋಡಿ, ಇಷ್ಟು ಕೋಶ ‘ವಿಶ್ರಾಂತ’, ಇಷ್ಟು ‘ಸಕ್ರಿಯ’ ಎಂದು ವಿಂಗಡಿಸಿ ಬರೆದರು. ತೊಂದರೆ ಇರುವುದು ಇವೆರಡರ ನಡುವಿನ ಕೋಶಗಳಲ್ಲಿ. ಒಬ್ಬರ ‘ಸ್ವಲ್ಪ ಸಕ್ರಿಯ’ ಇನ್ನೊಬ್ಬರ ‘ವಿಶ್ರಾಂತ’. ಅದಕ್ಕಿಂತ ದೊಡ್ಡ ತೊಂದರೆ ನೋಡುವವರ ನಿರೀಕ್ಷೆಯದು. ಈ ಪಟ್ಟಿ ಗಾಯವಾದ ಪ್ರಾಣಿಯದೆಂದು ಗೊತ್ತಿದ್ದವರಿಗೆ ಮುದುಡಿದ ಕವಲುಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಚದುರಿದ ಗಾಯದಲ್ಲಿ ಬದಲಾವಣೆ ಸೌಮ್ಯವಾಗಿರುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಅಮೆರಿಕದ ಫೀನಿಕ್ಸ್ ನಗರದ ಮಿದುಳುಗಾಯ ಸಂಶೋಧಕರು ಅಳತೆಗೆ ಇಳಿದದ್ದು ಇಂಥ ಗಾಯಗಳನ್ನು ಬೆನ್ನುಹತ್ತಿಯೇ. ಅವರ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅರಿವಳಿಕೆ ಕೊಟ್ಟ ಹೆಗ್ಗಣದ ಬುರುಡೆಯಲ್ಲಿ ನಡುಗೆರೆಯ ಮೇಲೆ ಒಂದು ರಂಧ್ರ ಕೊರೆಯುತ್ತಾರೆ. ಮಿದುಳಿನ ಹೊದಿಕೆ ಹರಿಯಬಾರದು. ರಂಧ್ರಕ್ಕೆ ಪುಟ್ಟ ಕೊಳವೆ ಕೂರಿಸಿ, ದ್ರವ ತುಂಬಿದ ಉದ್ದನೆಯ ಸಿಲಿಂಡರಿಗೆ ಜೋಡಿಸುತ್ತಾರೆ. ಸಿಲಿಂಡರಿನ ಇನ್ನೊಂದು ತುದಿಯ ಮೇಲೆ ಲೋಲಕದ ಸುತ್ತಿಗೆ ಬಂದು ಬೀಳುತ್ತದೆ. ದ್ರವದ ಅಲೆಯೊಂದು ಕ್ಷಣಮಾತ್ರ ಮಿದುಳನ್ನು ಒತ್ತಿ ಹೋಗುತ್ತದೆ. ಸುತ್ತಿಗೆಯ ಎತ್ತರ ಬದಲಿಸಿದರೆ ಪೆಟ್ಟಿನ ಬಲವೂ ಬದಲಾಗುತ್ತದೆ. ಬಳಿಕ ಪ್ರಾಣಿಯನ್ನು ಬೆನ್ನಮೇಲೆ ಮಲಗಿಸಿ, ತಾನಾಗಿ ಮಗ್ಗುಲು ತಿರುಗಿ ಏಳಲು ಎಷ್ಟು ಹೊತ್ತು ಬೇಕಾಯಿತೆಂದು ನೋಡುತ್ತಾರೆ. ಮನುಷ್ಯರಲ್ಲಿ ಪ್ರಜ್ಞೆ ತಪ್ಪಿದ ಅವಧಿಗೆ ಸಮನಾದ ಗುರುತು ಅದು. ಮಿದುಳಿನಲ್ಲಿ ಗುಳಿ ಬೀಳುವುದಿಲ್ಲ. ಆದರೆ ವಾರಗಳ ನಂತರ ಮೀಸೆಯನ್ನು ಮೆಲ್ಲಗೆ ಸವರಿದರೂ ಪ್ರಾಣಿ ಬೆದರುತ್ತದೆ. ಬೆಳಕು, ಸದ್ದು ಸಹಿಸಲಾರದ ಮನುಷ್ಯರ ಸ್ಥಿತಿಯೊಂದಿಗೆ ಇದನ್ನು ಹೋಲಿಸುತ್ತಾರೆ. ಆದ್ದರಿಂದಲೇ ಮೀಸೆಯ ಸ್ಪರ್ಶವನ್ನು ಗ್ರಹಿಸುವ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಭಾಗ ಅವರ ಗಮನದ ಕೇಂದ್ರ.

ನಿಗದಿಯಾದ ದಿನಗಳಲ್ಲಿ ಮಿದುಳನ್ನು ತೆಗೆದು ತೆಳು ಹಾಳೆಗಳಾಗಿ ಕತ್ತರಿಸುತ್ತಾರೆ. ಮೈಕ್ರೋಗ್ಲಿಯಾದಲ್ಲಿ ಹೇರಳವಾಗಿರುವ ಐಬಿಎ-1 ಎಂಬ ಪ್ರೋಟೀನಿಗೆ ಅಂಟುವ ಪ್ರತಿಕಾಯದಿಂದ ಬಣ್ಣ ಹಾಕುತ್ತಾರೆ. 1996ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ ಪ್ರೋಟೀನ್ ಇದು. ಅದರ ಒಂದು ಮಿತಿಯನ್ನು ಇಲ್ಲೇ ಹೇಳಿಬಿಡಬೇಕು: ಗಾಯದ ಮೂಲಕ ರಕ್ತದಿಂದ ನುಸುಳಿ ಬಂದ ಭಕ್ಷಕಕೋಶಗಳಿಗೂ ಇದೇ ಬಣ್ಣ ಹತ್ತುತ್ತದೆ. ದುಂಡಗಿನ ಕೋಶವೊಂದು ರೂಪ ಬದಲಿಸಿದ ಮೈಕ್ರೋಗ್ಲಿಯಾವೋ, ಹೊರಗಿನಿಂದ ಬಂದ ಅತಿಥಿಯೋ ಎಂಬುದನ್ನು ಇದೊಂದೇ ಬಣ್ಣದಿಂದ ಹೇಳಲಾಗದು.

ಫೋಟೊ ತೆಗೆದ ಮೇಲೆ ಕೆಲಸ ಕಂಪ್ಯೂಟರಿಗೆ ಬರುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್ಬ್ಯಾಂಡ್ ಬರೆದು ಉಚಿತವಾಗಿ ಹಂಚಿದ ಇಮೇಜ್-ಜೆ ಎಂಬ ತಂತ್ರಾಂಶ ಈ ಕ್ಷೇತ್ರದ ದುಡಿಮೆಯ ಎತ್ತು. ದುಬಾರಿ ತಂತ್ರಾಂಶ ಕೊಳ್ಳಲಾಗದ ಪ್ರಯೋಗಾಲಯಕ್ಕೂ ಇದು ಸಿಗುತ್ತದೆ ಎಂಬುದು ಸಣ್ಣ ಮಾತಲ್ಲ. ಮೊದಲ ಹೆಜ್ಜೆಯಲ್ಲಿ ಬೂದುಬಣ್ಣದ ಚಿತ್ರವನ್ನು ಬರೀ ಕಪ್ಪು-ಬಿಳುಪಾಗಿಸುತ್ತಾರೆ: ಇಷ್ಟಕ್ಕಿಂತ ಗಾಢವಾದದ್ದು ಕೋಶ, ಉಳಿದದ್ದು ಹಿನ್ನೆಲೆ. ಎರಡನೆಯ ಹೆಜ್ಜೆಯಲ್ಲಿ ಕೋಶದ ಮೈಯನ್ನೆಲ್ಲ ಸವೆಸಿ ಒಂದೇ ಎಳೆಯ ಅಸ್ಥಿಪಂಜರವಾಗಿಸುತ್ತಾರೆ. ಅದರಲ್ಲಿ ಕವಲುಗಳ ಒಟ್ಟು ಉದ್ದವೆಷ್ಟು, ತುದಿಗಳೆಷ್ಟು ಎಂದು ಎಣಿಸಿ, ಚಿತ್ರದಲ್ಲಿರುವ ಕೋಶಕಾಯಗಳ ಸಂಖ್ಯೆಯಿಂದ ಭಾಗಿಸಿದರೆ ‘ಕೋಶಕ್ಕೆ ಇಷ್ಟು ತುದಿ, ಇಷ್ಟು ಉದ್ದ’ ಎಂಬ ಅಂಕಿ ಬರುತ್ತದೆ.

ಇನ್ನೊಂದು ದಾರಿ ಹಳೆಯದು. ಲಂಡನ್ನಿನ ಡೊನಾಲ್ಡ್ ಶೋಲ್ ಎಂಬವರು 1953ರಲ್ಲಿ ಬೆಕ್ಕಿನ ನರಕೋಶಗಳ ಕವಲುಗಳನ್ನು ಅಳೆಯಲು ಒಂದು ಉಪಾಯ ಹೂಡಿದರು. ಕೋಶಕಾಯವನ್ನು ಕೇಂದ್ರವಾಗಿಟ್ಟು ಸಮಾನ ಅಂತರದಲ್ಲಿ ಒಂದರ ಹೊರಗೊಂದು ವೃತ್ತ ಎಳೆಯುವುದು, ಪ್ರತಿ ವೃತ್ತವನ್ನೂ ಎಷ್ಟು ಕವಲುಗಳು ದಾಟುತ್ತವೆಂದು ಎಣಿಸುವುದು. ಚೆನ್ನಾಗಿ ಹರಡಿದ ಮೈಕ್ರೋಗ್ಲಿಯಾದಲ್ಲಿ ಈ ಎಣಿಕೆ ಕೇಂದ್ರದಿಂದ ದೂರ ಹೋದಂತೆ ಏರಿ, ಎತ್ತರ ಮುಟ್ಟಿ, ನಿಧಾನ ಇಳಿಯುತ್ತದೆ. ಮುದುಡಿದ ಕೋಶದಲ್ಲಿ ಶಿಖರ ತಗ್ಗುತ್ತದೆ, ಕೇಂದ್ರಕ್ಕೆ ಹತ್ತಿರ ಸರಿಯುತ್ತದೆ. ಹಾನಿ ಹೊರಗಿನ ತೆಳುಕವಲುಗಳಲ್ಲಿದೆಯೋ ಬುಡದ ಕೊಂಬೆಗಳಲ್ಲಿದೆಯೋ ಎಂಬುದನ್ನೂ ಈ ರೇಖೆ ಹೇಳುತ್ತದೆ. ಒಂದೇ ಸಂಖ್ಯೆಗೆ ಆ ಶಕ್ತಿ ಇಲ್ಲ.

ಮೂರನೆಯದು ಫ್ರ್ಯಾಕ್ಟಲ್ ಅಳತೆ. ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಎಂಬ ಪ್ರಶ್ನೆಯನ್ನು ಬೆನ್ವಾ ಮ್ಯಾಂಡಲ್‌ಬ್ರಾಟ್ 1967ರಲ್ಲಿ ಎತ್ತಿದರಲ್ಲ, ಅದೇ ಗಣಿತ. ಕೋಶದ ಹೊರಗೆರೆಯನ್ನು ಬಿಡಿಸಿ, ಅದರ ಮೇಲೆ ಚೌಕುಳಿ ಜಾಲ ಹರಡಿ, ಗೆರೆ ಹಾದುಹೋಗುವ ಚೌಕಗಳನ್ನು ಎಣಿಸಿ. ಈಗ ಚೌಕದ ಬದಿಯನ್ನು ಅರ್ಧ ಮಾಡಿ ಮತ್ತೆ ಎಣಿಸಿ. ನೇರವಾದ ನುಣುಪು ಗೆರೆಯಾದರೆ ಚೌಕಗಳ ಸಂಖ್ಯೆ ಎರಡು ಪಟ್ಟಾಗುತ್ತದೆ. ಅದರ ಆಯಾಮ 1. ಹಾಳೆಯನ್ನೆಲ್ಲ ತುಂಬಿಬಿಡುವಷ್ಟು ಸುಕ್ಕಾದ ಗೆರೆಯಾದರೆ ನಾಲ್ಕು ಪಟ್ಟಾಗುತ್ತದೆ, ಆಯಾಮ 2. ಮೈಕ್ರೋಗ್ಲಿಯಾದ ಹೊರಗೆರೆ ಇವೆರಡರ ನಡುವೆ ಬರುತ್ತದೆ. ಉದಾಹರಣೆಗೆ ಸಂಖ್ಯೆ 2.5 ಪಟ್ಟಾದರೆ ಆಯಾಮ ಸುಮಾರು 1.32. ಕವಲುಗಳು ಹಿಂಸರಿದು ಮೈ ನುಣುಪಾದಂತೆ ಅಂಕಿ 1ರತ್ತ ಇಳಿಯುತ್ತದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಕೋಶಗಳನ್ನು ಬೇರ್ಪಡಿಸುವ ಸೂಕ್ಷ್ಮತೆ ಇದಕ್ಕಿದೆ. ಇದರ ಸೊಬಗಿಗೆ ಮನಸೋಲುವುದು ಸಹಜ. ಆದರೂ ಇದೊಂದನ್ನೇ ನೆಚ್ಚಿಕೊಂಡ ಪ್ರಬಂಧಗಳನ್ನು ನಾನು ಎಚ್ಚರಿಕೆಯಿಂದ ಓದುತ್ತೇನೆ.

ಕಾರಣವನ್ನು ಇನ್ನೂ ಸರಳವಾದ ಅಳತೆಯಿಂದ ತೋರಿಸಬಹುದು. ದುಂಡುತನ ಎಂಬ ಅಂಕಿಯಿದೆ: ಕೋಶದ ವಿಸ್ತೀರ್ಣವನ್ನು 4ಪೈಯಿಂದ ಗುಣಿಸಿ, ಸುತ್ತಳತೆಯ ವರ್ಗದಿಂದ ಭಾಗಿಸುವುದು. ಪೂರ್ಣ ವೃತ್ತಕ್ಕೆ 1 ಬರುತ್ತದೆ, ಚೌಕಕ್ಕೆ 0.79. ಕವಲೊಡೆದ ಕೋಶಕ್ಕೆ ಸುತ್ತಳತೆ ಹೆಚ್ಚಾದ್ದರಿಂದ ಅಂಕಿ ತೀರ ಕಡಿಮೆ. ಅಮೀಬಾ ರೂಪಕ್ಕೆ ಹೋದಂತೆ ಏರುತ್ತದೆ. ಆದರೆ ಕಡ್ಡಿಯಾಕಾರದ ಕೋಶವನ್ನು ತೆಗೆದುಕೊಳ್ಳಿ. ಅಗಲ 1, ಉದ್ದ 10 ಇರುವ ಆಯತಕ್ಕೆ ಲೆಕ್ಕ ಹಾಕಿದರೆ 0.26 ಬರುತ್ತದೆ. ಕವಲುಗಳನ್ನೆಲ್ಲ ಕಳೆದುಕೊಂಡ ಕೋಶವೊಂದು ಆರೋಗ್ಯವಂತ ಕೋಶಗಳ ಕಡೆಯ ಅಂಕಿಯನ್ನೇ ಪಡೆದುಬಿಟ್ಟಿತು. ಉದ್ದ-ಅಗಲಗಳ ಅನುಪಾತವನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಮಾತ್ರ ಇದು ಬೇರೆ ಎಂದು ಗೊತ್ತಾಗುತ್ತದೆ.

ಈ ಕಡ್ಡಿಯಾಕಾರದ ಕೋಶಗಳ ಕತೆಯೇ ಫೀನಿಕ್ಸ್‌ನವರನ್ನು ಬಹಳ ಕಾಡಿತು. 2012ರಲ್ಲಿ ಅವರು ಪ್ರಕಟಿಸಿದ ಚಿತ್ರಗಳಲ್ಲಿ, ಪೆಟ್ಟು ಬಿದ್ದು ಒಂದು ವಾರವಾದ ಹೆಗ್ಗಣಗಳ ಸ್ಪರ್ಶ ಕಾರ್ಟೆಕ್ಸ್‌ನಲ್ಲಿ ಮೈಕ್ರೋಗ್ಲಿಯಾಗಳು ಅಕ್ಕಪಕ್ಕದ ಕವಲುಗಳನ್ನು ಕಳಚಿಕೊಂಡು, ಉದ್ದಕ್ಕೆ ಚಾಚಿ, ಒಂದರ ಬಾಲಕ್ಕೆ ಇನ್ನೊಂದು ಸೇರಿ ರೈಲಿನ ಡಬ್ಬಿಗಳಂತೆ ಸಾಲುಗಟ್ಟಿವೆ. ಸಾಲು ಮಿದುಳಿನ ಮೇಲ್ಮೈಗೆ ಲಂಬವಾಗಿ, ನರಕೋಶಗಳ ಎಳೆಗಳ ಗುಂಟ ಇಳಿಯುತ್ತದೆ. ಹಾನಿಗೊಂಡ ಎಳೆಗಳನ್ನು ಅವು ಕಾಯುತ್ತಿವೆಯೇ, ಅವುಗಳ ಸಂಪರ್ಕಗಳನ್ನು ಕತ್ತರಿಸುತ್ತಿವೆಯೇ ಎಂಬುದು ಚಿತ್ರದಿಂದ ತಿಳಿಯುವುದಿಲ್ಲ. 2017ರಲ್ಲಿ ಅವರು ಅಸ್ಥಿಪಂಜರ ಮತ್ತು ಫ್ರ್ಯಾಕ್ಟಲ್ ಎರಡೂ ಅಳತೆಗಳನ್ನು ಹೂಡಿ, 28 ದಿನಗಳ ಅವಧಿಯಲ್ಲಿ ಮೂರು ಹಂತದಲ್ಲಿ, ಮೂರು ಜಾಗಗಳಲ್ಲಿ ನೋಡಿದರು: ಪೆಟ್ಟು ಬಿದ್ದ ಸ್ಥಳ, ಮೀಸೆಯ ಕಾರ್ಟೆಕ್ಸ್, ಎರಡರಿಂದಲೂ ದೂರದ ಇನ್ನೊಂದು ಭಾಗ. ಮೊದಲ ಎರಡರಲ್ಲಿ ಕೋಶವೊಂದರ ಕವಲುದ್ದವೂ ತುದಿಗಳೂ ಕಡಿಮೆಯಾಗಿದ್ದವು. ಮೂರನೆಯದರಲ್ಲಿ ಆಗಿರಲಿಲ್ಲ. ಚದುರಿದ ಗಾಯ ಎಂದರೆ ಎಲ್ಲೆಡೆ ಸಮನಾಗಿ ಹರಡಿದ ಗಾಯವಲ್ಲ. ಅದಕ್ಕೂ ತನ್ನದೇ ಆದ ನಕ್ಷೆಯಿದೆ, ಆ ನಕ್ಷೆಯನ್ನು ಮೈಕ್ರೋಗ್ಲಿಯಾದ ಆಕಾರದಿಂದ ಬರೆಯಬಹುದು ಎಂಬುದು ಈ ಅಳತೆಯಿಂದ ಸಿಕ್ಕಿದ ನಿಜವಾದ ಲಾಭ.

ಅಳತೆ ಕೆಡುವ ದಾರಿಗಳೂ ಅಷ್ಟೇ ಇವೆ. ಮೈಕ್ರೋಗ್ಲಿಯಾದ ಹರವು ಸುಮಾರು 50 ಮೈಕ್ರಾನ್. ಕತ್ತರಿಸಿದ ಹಾಳೆಯ ದಪ್ಪ 30-40 ಮೈಕ್ರಾನ್ ಇದ್ದರೆ ಎಷ್ಟೋ ಕೋಶಗಳ ಕವಲು ಚಾಕುವಿನಲ್ಲೇ ಹೋಗಿರುತ್ತದೆ. ಬೇರೆಬೇರೆ ದಪ್ಪದ ಹಾಳೆಗಳಿಂದ ಬಂದ ಅಂಕಿಗಳನ್ನು ಹೋಲಿಸುವುದು ಅರ್ಥವಿಲ್ಲದ ಕೆಲಸ. ಕಪ್ಪು-ಬಿಳುಪು ಮಾಡುವಾಗ ಗೆರೆಯನ್ನು ಎಲ್ಲಿ ಎಳೆದರು ಎಂಬುದು ಇನ್ನೂ ಸೂಕ್ಷ್ಮ. ತುಸು ಬಿಗಿ ಮಾಡಿದರೆ ತೆಳುಕವಲುಗಳು ನಡುನಡುವೆ ತುಂಡಾಗುತ್ತವೆ. ಒಂದು ಕವಲು ಮಧ್ಯದಲ್ಲಿ ತುಂಡಾದರೆ ಎರಡು ಹೊಸ ತುದಿಗಳು ಹುಟ್ಟಿದವು ಎಂದು ಕಂಪ್ಯೂಟರ್ ಎಣಿಸುತ್ತದೆ. ಉದ್ದ ಕಡಿಮೆಯಾಗಿ ತುದಿ ಹೆಚ್ಚಾದ ಅಂಕಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಈ ಹೆಜ್ಜೆಯನ್ನು.

ಪ್ರಾಣಿಗೆ ಕೊಟ್ಟ ಅರಿವಳಿಕೆಯೂ ಆಕಾರವನ್ನು ಮುಟ್ಟುತ್ತದೆ. 2019ರಲ್ಲಿ ಎರಡು ತಂಡಗಳು ಎಚ್ಚರವಿರುವ ಇಲಿಗಳನ್ನೂ ಅರಿವಳಿಕೆಯಲ್ಲಿರುವ ಇಲಿಗಳನ್ನೂ ಹೋಲಿಸಿದವು. ಎಚ್ಚರದಲ್ಲಿ ನೊರ್‌ಅಡ್ರಿನಲಿನ್ ಮೈಕ್ರೋಗ್ಲಿಯಾದ ಚಲನೆಗೆ ಕಡಿವಾಣ ಹಾಕಿರುತ್ತದೆ. ಅರಿವಳಿಕೆಯಲ್ಲಿ ಅದು ತಗ್ಗಿದಾಗ ಕವಲುಗಳು ಇನ್ನಷ್ಟು ಚಾಚುತ್ತವೆ ಎಂದು ಎರಡೂ ತಂಡಗಳು ಕಂಡವು. 2005ರ ಆ ಪ್ರಸಿದ್ಧ ದೃಶ್ಯಗಳನ್ನು ಚಿತ್ರಿಸಿದ್ದು ಅರಿವಳಿಕೆಯಲ್ಲಿದ್ದ ಇಲಿಗಳಲ್ಲಿ ಎಂಬುದನ್ನು ನೆನಪಿಟ್ಟುಕೊಂಡೇ ಅವನ್ನು ಓದಬೇಕು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಎಣಿಕೆಯ ತಪ್ಪು. ಗಾಯವಾದ 5 ಪ್ರಾಣಿ, ಗಾಯವಾಗದ 5 ಪ್ರಾಣಿ, ಪ್ರತಿಯೊಂದರಿಂದ 60 ಕೋಶ ಅಳೆದರು ಎನ್ನಿ. ಕೈಯಲ್ಲಿ 600 ಕೋಶಗಳ ಅಂಕಿಗಳಿವೆ. ಅವನ್ನು 600 ಸ್ವತಂತ್ರ ಸಾಕ್ಷಿಗಳೆಂದು ಸಂಖ್ಯಾಶಾಸ್ತ್ರಕ್ಕೆ ಒಪ್ಪಿಸಿದರೆ ತೀರ ಚಿಕ್ಕ ವ್ಯತ್ಯಾಸವೂ ಮಹತ್ವದ್ದಾಗಿ ತೋರುತ್ತದೆ. ಒಂದೇ ಮಿದುಳಿನ 60 ಕೋಶಗಳು ಒಂದೇ ಪ್ರಾಣಿಯ ಮಾತನ್ನು 60 ಸಲ ಹೇಳುತ್ತಿವೆ. ಪೆಟ್ಟು ತಿಂದವು 5 ಪ್ರಾಣಿಗಳು, ಸಾಕ್ಷಿಗಳೂ ಐದೇ. ಯಾವ ಕೋಶ ಅಳೆಯಬೇಕೆಂಬುದನ್ನು ಮನುಷ್ಯರ ಆಯ್ಕೆಗೆ ಬಿಡಬಾರದು, ಅಳೆಯುವವರಿಗೆ ಪಟ್ಟಿ ಯಾವ ಗುಂಪಿನದೆಂದು ಗೊತ್ತಿರಬಾರದು. ಇಷ್ಟನ್ನು ಪಾಲಿಸದ ಪ್ರಬಂಧದಲ್ಲಿ ಚಿತ್ರ ಎಷ್ಟೇ ಸುಂದರವಾಗಿದ್ದರೂ ತೀರ್ಮಾನಕ್ಕೆ ಬೆಲೆಯಿಲ್ಲ.

ಹೊಸ ವಿಧಾನಗಳು ಈ ಕೊರತೆಗಳಲ್ಲಿ ಕೆಲವನ್ನು ನೀಗಿವೆ. 2022ರಲ್ಲಿ ಆಸ್ಟ್ರಿಯಾದ ತಂಡವೊಂದು ಇಲಿಯ ಮಿದುಳಿನ 40 ಸಾವಿರಕ್ಕೂ ಹೆಚ್ಚು ಮೈಕ್ರೋಗ್ಲಿಯಾಗಳನ್ನು ಮೂರು ಆಯಾಮದಲ್ಲಿ ಬಿಡಿಸಿ, ಪ್ರತಿ ಕವಲು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆಂಬುದನ್ನು ಬಾರ್‌ಕೋಡಿನಂಥ ಪಟ್ಟಿಯಾಗಿಸಿತು. ಹೀಗೆ ನೋಡಿದಾಗ ಮಿದುಳಿನ ಭಾಗದಿಂದ ಭಾಗಕ್ಕೆ, ಗಂಡಿನಿಂದ ಹೆಣ್ಣಿಗೆ ಆಕಾರ ಬೇರೆ ಎಂದು ಗೊತ್ತಾಯಿತು. ಗಂಡು ಪ್ರಾಣಿಗಳಲ್ಲಿ ಮಾತ್ರ ಅಳೆದು ಎಲ್ಲರಿಗೂ ಅನ್ವಯಿಸುತ್ತಿದ್ದ ಹಳೆಯ ರೂಢಿಗೆ ಇದು ಸರಿಯಾದ ಉತ್ತರ.

ಇಷ್ಟೆಲ್ಲ ಎಚ್ಚರ ವಹಿಸಿ ಅಳೆದ ಆಕಾರ ಕೊನೆಗೆ ಏನು ಹೇಳುತ್ತದೆ? ಇಲ್ಲಿ ಏನೋ ಆಗಿದೆ ಎಂದು ಹೇಳುತ್ತದೆ. ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದಿಲ್ಲ. ‘ವಿಶ್ರಾಂತ-ಸಕ್ರಿಯ’ ಎಂಬ ಜೋಡಿಯನ್ನೇ ಕೈಬಿಡಬೇಕೆಂದು 2022ರಲ್ಲಿ ಈ ಕ್ಷೇತ್ರದ ಹತ್ತಾರು ವಿಜ್ಞಾನಿಗಳು ಒಟ್ಟಾಗಿ ಬರೆದರು. ಆಕಾರವನ್ನೇ ಕೆಲಸವೆಂದು ಭಾವಿಸಿದರೆ ಏನಾಗಬಹುದೆಂಬುದಕ್ಕೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಅನುಭವ ಕಣ್ಣು ತೆರೆಸುವಂಥದ್ದು. ಅಲ್ಲಿನ ವೈದ್ಯರು 2011ರಲ್ಲಿ ಪೆಟ್ ಸ್ಕ್ಯಾನ್ ಬಳಸಿ, ತಲೆಗೆ ಪೆಟ್ಟಾಗಿ 17 ವರ್ಷ ಕಳೆದವರಲ್ಲೂ ಮೈಕ್ರೋಗ್ಲಿಯಾ ಚಟುವಟಿಕೆಯ ಗುರುತು ಉಳಿದಿರುವುದನ್ನು ಕಂಡಿದ್ದರು. ಆ ಗುರುತು ಮೈಕ್ರೋಗ್ಲಿಯಾಕ್ಕೆ ಮಾತ್ರ ಮೀಸಲಲ್ಲ ಎಂಬ ಮಿತಿ ಇದ್ದರೂ ಸುದ್ದಿ ದೊಡ್ಡದು. ಹಾಗಿದ್ದರೆ ಅದನ್ನು ತಣ್ಣಗಾಗಿಸಿದರೆ ರೋಗಿಗೆ ಒಳಿತಲ್ಲವೇ? ಮಿನೊಸೈಕ್ಲಿನ್ ಎಂಬ ಹಳೆಯ ಆ್ಯಂಟಿಬಯೋಟಿಕ್‌ಗೆ ಆ ಗುಣವಿದೆ. 15 ರೋಗಿಗಳ ಸಣ್ಣ ಪ್ರಯೋಗದಲ್ಲಿ ಕೆಲವರಿಗೆ ಅದನ್ನು 12 ವಾರ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶ: ಸ್ಕ್ಯಾನ್‌ನಲ್ಲಿ ಮೈಕ್ರೋಗ್ಲಿಯಾ ಗುರುತು ತಗ್ಗಿತು, ಆದರೆ ನರತಂತುಗಳು ಸಾಯುವಾಗ ರಕ್ತಕ್ಕೆ ಸೋರುವ ಪ್ರೋಟೀನ್ ಏರಿತು. ಕೋಶಗಳು ಸುಮ್ಮನಾದವು, ಹಾನಿ ಹೆಚ್ಚಿತು. ವರ್ಷಗಳ ನಂತರವೂ ಅವು ಏನೋ ರಿಪೇರಿ ನಡೆಸುತ್ತಿರಬೇಕು ಎಂಬ ಊಹೆಗೆ ಇದು ಇಂಬು ಕೊಡುತ್ತದೆ. ‘ಮಿದುಳಿನ ಉರಿಯೂತ ಇಳಿಸುವ ಔಷಧ’ ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಮನುಷ್ಯರ ಮಿದುಳಿನಲ್ಲಿ ಆಕಾರವನ್ನೇ ನೇರವಾಗಿ ನೋಡಬೇಕೆಂದರೆ ಈಗಲೂ ಮುಖ್ಯ ದಾರಿ: ಮರಣಾನಂತರ ದಾನವಾಗಿ ಬಂದ ಅಂಗಾಂಶ. ಸ್ಕಾಟ್ಲೆಂಡಿನ ಗ್ಲ್ಯಾಸ್ಗೊದಲ್ಲಿ ದಶಕಗಳಿಂದ ಕಾಪಿಟ್ಟ ಮಿದುಳುಗಳನ್ನು ಪರೀಕ್ಷಿಸಿದ ತಂಡ 2013ರಲ್ಲಿ ಪ್ರಕಟಿಸಿದಂತೆ, ಒಂದೇ ಸಲ ತಲೆಗೆ ಪೆಟ್ಟಾಗಿ ವರ್ಷಕ್ಕೂ ಹೆಚ್ಚು ಬದುಕಿದವರಲ್ಲಿ ನೂರಕ್ಕೆ 28 ಮಂದಿಯಲ್ಲಿ ರೂಪ ಬದಲಿಸಿದ ಮೈಕ್ರೋಗ್ಲಿಯಾ ದಟ್ಟವಾಗಿ ಕಂಡಿತು. ಕೆಲವರಲ್ಲಿ 18 ವರ್ಷಗಳ ಬಳಿಕವೂ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ಇದೆ. ಅಲ್ಲಿನ ಸಂಶೋಧಕರು ಭ್ರೂಣದಿಂದ ಮುಪ್ಪಿನವರೆಗಿನ ಮನುಷ್ಯರ ಮಿದುಳಿನ ಒಂದು ಭಾಗದಲ್ಲಿ, ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವ ನರಕೋಶಗಳಿರುವ ಜಾಗದಲ್ಲಿ, ವಯಸ್ಸಿನೊಂದಿಗೆ ಆಸ್ಟ್ರೋಸೈಟ್ ಮತ್ತು ಮೈಕ್ರೋಗ್ಲಿಯಾಗಳ ಆಕಾರ ಬದಲಾಗುವುದನ್ನು 2015ರಲ್ಲಿ ದಾಖಲಿಸಿದರು. ನಮ್ಮ ಜನರ ಮಿದುಳಿನ ಬಗ್ಗೆ ಇಂಥ ಅಳತೆಗಳು ಇನ್ನೂ ಬಹಳ ಬೇಕು. ರಸ್ತೆಯಲ್ಲಿ ತಲೆಗೆ ಪೆಟ್ಟು ಮಾಡಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ, ಅವರ ಮಿದುಳಿನಲ್ಲಿ ಹತ್ತು ವರ್ಷದ ಮೇಲೆ ಏನಾಗುತ್ತದೆಂಬುದು ಅವರದೇ ಮಿದುಳಿನಿಂದ ತಿಳಿಯಬೇಕು. ಹೋಲಿಸಿ ನೋಡಲು ಯಾವ ಪೆಟ್ಟೂ ಕಾಯಿಲೆಯೂ ಇಲ್ಲದ ಮಿದುಳುಗಳೂ ಅಷ್ಟೇ ಅಗತ್ಯ, ಅವು ಸಿಗುವುದು ಇನ್ನೂ ಅಪರೂಪ.

ಉಸಿರು ನಿಂತ ಮೇಲೆ ಗಂಟೆಗಳು ಕಳೆದಂತೆ ಮೈಕ್ರೋಗ್ಲಿಯಾದ ತೆಳುಕವಲುಗಳೂ ಕೆಡುತ್ತ ಹೋಗುತ್ತವೆ. ತಡವಾಗಿ ಬಂದ ಮಿದುಳಿನಲ್ಲಿ ಯಾವುದು ಪೆಟ್ಟಿನ ಗುರುತು, ಯಾವುದು ಸಾವಿನ ಗುರುತು ಎಂದು ಬಿಡಿಸುವುದು ಕಷ್ಟ. ದುಃಖದ ಆ ಹೊತ್ತಿನಲ್ಲಿ ಮನೆಯವರು ಮೊದಲ ಸಲ ಈ ವಿಷಯ ಕೇಳಿಸಿಕೊಂಡು, ಯೋಚಿಸಿ, ಒಪ್ಪಿಗೆ ಕೊಡುವುದು ಕಷ್ಟದ ಮಾತು. ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು: ನಿಮ್ಮ ಮಿದುಳನ್ನು ವಿಜ್ಞಾನಕ್ಕೆ ಕೊಡುವ ಮನಸ್ಸಿದ್ದರೆ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಮನೆಯವರಿಗೆ ಈಗಲೇ ಹೇಳಿಡಿ, ಮಿದುಳಿನ ಬ್ಯಾಂಕಿನವರನ್ನು ವಿಚಾರಿಸಿ, ಯಾರಿಗೆ ಕರೆ ಮಾಡಬೇಕೆಂಬುದನ್ನು ಎಲ್ಲರಿಗೂ ಕಾಣುವ ಕಡೆ ಬರೆದಿಡಿ.